ಬ್ರಾಡ್‌ವೇ ನಾಟಕಗಳನ್ನು ನೋಡದೆ ಬರೀ ಕೇಳುವವರು ಇಲ್ಲಿ ಯಾರಾದರೂ ಇದ್ದೀರಾ?

ಬದಿಯಡ್ಕ_ಮಾಷ್ಟ್ರು:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ಮನೆ. ಕಳೆದ ಮಳೆಗಾಲದಿಂದ ಬ್ರಾಡ್‌ವೇಯ, ಅಂದರೆ ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳ, ಸಂಗೀತ ನಾಟಕಗಳನ್ನು ಹಳೆಯದರಿಂದ ಹೊಸದಕ್ಕೆ ಸಾಲಾಗಿ ಕೇಳುತ್ತಾ ಬಂದಿದ್ದೇನೆ. ಕೇಳುವುದು ಮಾತ್ರ, ನೋಡುವುದಲ್ಲ. ನ್ಯೂಯಾರ್ಕಿಗೆ ಹೋಗಿ ಟಿಕೆಟ್ ತೆಗೆಯುವುದು ನಮ್ಮಿಂದ ಆಗುವ ಮಾತಲ್ಲ. ಆದರೆ ಅಲ್ಲಿ ನಾಟಕ ಶುರುವಾದ ಹೊಸದರಲ್ಲೇ ಅದೇ ನಟರನ್ನು ಸ್ಟುಡಿಯೋಗೆ ಕರೆಸಿ ಹಾಡುಗಳನ್ನು ರೆಕಾರ್ಡ್ ಮಾಡುವ ಕ್ರಮ ಉಂಟು. 1943ರಲ್ಲಿ 'ಒಕ್ಲಹೋಮ!' ನಾಟಕದ ರೆಕಾರ್ಡುಗಳು ಲಕ್ಷಗಟ್ಟಲೆ ಮಾರಾಟವಾದ ಮೇಲೆ ಅದು ರೂಢಿಯೇ ಆಯಿತು. ಈಗ ಅವೆಲ್ಲ ಫೋನಿನಲ್ಲೇ ಸಿಗುತ್ತವೆ.

ನೋಡದೆ ಕೇಳಿದರೆ ಎಂಥ ಸುಖ ಅಂತ ಕೇಳುವವರಿದ್ದಾರೆ. ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಅರ್ಥಧಾರಿಗಳ ಮಾತು, ಇಷ್ಟರಲ್ಲೇ ಕರ್ಣನೂ ಬರುತ್ತಾನೆ, ಕೃಷ್ಣನೂ ಬರುತ್ತಾನೆ. ಅದನ್ನು ಕೇಳಿ ಬೆಳೆದವನಿಗೆ ಸ್ಟೇಜು ಕಾಣದಿದ್ದರೆ ಕೊರತೆ ಅನಿಸುವುದಿಲ್ಲ. ಒಂದೇ ವ್ಯತ್ಯಾಸ, ನಮ್ಮಲ್ಲಿ ಹಾಡುವುದು ಭಾಗವತರು, ಮಾತಾಡುವುದು ಪಾತ್ರ. ಅಲ್ಲಿ ಪಾತ್ರವೇ ಹಾಡಬೇಕು, ಹಾಡಿನಲ್ಲೇ ಮನಸ್ಸು ಬದಲಾಗಬೇಕು.

ನನ್ನ ಅಳತೆಗೋಲು ಅದೇ. ಹಾಡು ಮುಗಿಯುವಾಗ ಪಾತ್ರ ಹಾಡು ಶುರುವಾದ ಜಾಗದಲ್ಲೇ ನಿಂತಿರಬಾರದು. ಈ ಲೆಕ್ಕದಲ್ಲಿ ಈವರೆಗೆ ಕೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು 1945ರ 'ಕ್ಯಾರೌಸೆಲ್'. ರಿಚರ್ಡ್ ರಾಜರ್ಸ್ ಅವರ ಸಂಗೀತ, ಆಸ್ಕರ್ ಹ್ಯಾಮರ್‌ಸ್ಟೈನ್ ಅವರ ಸಾಹಿತ್ಯ. ಅದರಲ್ಲಿ ಬಿಲ್ಲಿ ಅಂತ ಒಬ್ಬ, ಜಾತ್ರೆಯಲ್ಲಿ ಮಕ್ಕಳ ಕುದುರೆ ತೊಟ್ಟಿಲು ತಿರುಗಿಸಲು ಜನ ಕರೆಯುವವನು, ಕೆಲಸ ಹೋಗಿದೆ, ಸಿಟ್ಟು ಜಾಸ್ತಿ. ಹೆಂಡತಿ ಬಸುರಿ ಅಂತ ಗೊತ್ತಾದ ಕೂಡಲೇ ಒಬ್ಬನೇ ನಿಂತು ಏಳೆಂಟು ನಿಮಿಷ ಹಾಡುತ್ತಾನೆ. ಮೊದಲು ಮಗ ಹುಟ್ಟುತ್ತಾನೆ, ನನ್ನ ಹಾಗೆ ಗಟ್ಟಿಮುಟ್ಟಾಗಿರುತ್ತಾನೆ ಅಂತ ಜಂಬ. ಆಮೇಲೆ ನಡುವಲ್ಲಿ ಒಂದು ಕಡೆ ಹಾಡು ಗಕ್ಕನೆ ನಿಲ್ಲುತ್ತದೆ. ಹೆಣ್ಣಾದರೆ? ಅಲ್ಲಿಂದ ದನಿಯೇ ಬೇರೆ, ಮೆತ್ತಗಾಗುತ್ತದೆ, ಮಗನ ಜೊತೆ ಆಟ ಆಡಿಕೊಂಡು ಇರಬಹುದು, ಆದರೆ ಮಗಳಿಗೆ ಅಪ್ಪ ಆಗಬೇಕು ಅನ್ನುವ ಹೆದರಿಕೆ ಹುಟ್ಟುತ್ತದೆ. ಕೊನೆಗೆ ದುಡ್ಡು ಬೇಕು, ದುಡಿದೋ ಕದ್ದೋ ತರುತ್ತೇನೆ ಅನ್ನುವಲ್ಲಿಗೆ ಮುಗಿಯುತ್ತದೆ. ಅವನು ಮುಂದೆ ಹಾಳಾಗುವ ದಾರಿ ಆ ಹಾಡಿನಲ್ಲೇ ಬಿದ್ದಾಯಿತು. ಜಾನ್ ರೇಟ್ ಹಾಡಿದ ಮೊದಲ ರೆಕಾರ್ಡು ಕೇಳಿ ಮಾರಾಯ್ರೆ, ಹಳೆಯ ಶಬ್ದ, ಸ್ವಲ್ಪ ಕರಕರ ಅನ್ನುತ್ತದೆ, ಆದರೂ ಕೇಳಿ.

1957ರ 'ವೆಸ್ಟ್ ಸೈಡ್ ಸ್ಟೋರಿ' ಎರಡನೆಯದು. 1956ರ 'ಮೈ ಫೇರ್ ಲೇಡಿ' ಮೂರನೆಯದು.

ಈಗ 80ರ ದಶಕಕ್ಕೆ ಬಂದಿದ್ದೇನೆ. ನನಗೆ ಅಲ್ಲಿ ಬೇಸರ ಶುರುವಾಗಿದೆ. 'ಲೆ ಮಿಸೆರಾಬ್ಲ್', 'ಫ್ಯಾಂಟಮ್ ಆಫ್ ದಿ ಆಪೆರಾ', ಎರಡೂ ಲಂಡನ್ನಿನಿಂದ ಬಂದದ್ದು. ಒಂದೇ ಮಟ್ಟು ತಿರುಗಿ ತಿರುಗಿ ಬರುತ್ತದೆ, ಬೇರೆ ಪಾತ್ರ, ಬೇರೆ ಮಾತು, ಅದೇ ಟ್ಯೂನು. ಶಬ್ದವೂ ಜಾಸ್ತಿ. ಇದು ನನಗೊಬ್ಬನಿಗೇ ಅನಿಸುವುದಾ? ಇನ್ನೊಂದು ಪ್ರಶ್ನೆ, ನೀವು ಕಥೆ ಮೊದಲೇ ಓದಿಕೊಂಡು ಕೇಳುತ್ತೀರಾ, ಇಲ್ಲ ನೇರ ಕೇಳುತ್ತೀರಾ? ಮುಂದೆ ಏನು ಕೇಳಬೇಕು ಅಂತಲೂ ಹೇಳಿ.

ಸೊಲ್ಲಾಪುರದ_ಪೇಟಿ:

ನಮಸ್ಕಾರ ಮಾಷ್ಟ್ರೇ. ನಾನು ಸೊಲ್ಲಾಪುರದವನು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಅಜ್ಜ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದರು, ಹಂಗಾಗಿ ಮರಾಠಿ ನಾಟಕದ ಹಾಡು, ನಾಟ್ಯಸಂಗೀತ ಕೇಳಿಯೇ ಬೆಳೆದದ್ದು.

ಕಥೆ ಮೊದಲೇ ಗೊತ್ತಿರಬೇಕು ಅನ್ನುವವನು ನಾನು. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರು 1880ರಲ್ಲಿ 'ಶಾಕುಂತಲ', 1882ರಲ್ಲಿ 'ಸೌಭದ್ರ' ಆಡಿಸಿದಾಗ ನೋಡಲು ಬಂದವರಿಗೆ ಕಥೆ ಗೊತ್ತಿರಲಿಲ್ಲವೇನ್ರೀ? ಎಲ್ಲರಿಗೂ ಗೊತ್ತಿತ್ತು. ಸುಭದ್ರೆ ಯಾರನ್ನು ಮದುವೆಯಾಗುತ್ತಾಳೆ ಅಂತ ತಿಳಿಯಲು ಯಾರೂ ಬರಲಿಲ್ಲ. ಹೆಂಗ ಹಾಡುತ್ತಾರೆ ಅಂತ ಕೇಳಲು ಬಂದರು. (ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಮ್ಮ ಕಡೆಯವರು ಇದನ್ನು ಮರೆಯಬಾರದು.) ನಿಮ್ಮ ತಾಳಮದ್ದಳೆಯೂ ಹಂಗೇ ಅಲ್ವಾ?

ಆದರೆ ನಿಮ್ಮ ಅಳತೆಗೋಲು ನಮ್ಮ ಸಂಗೀತ ನಾಟಕಕ್ಕೆ ಹೊಂದುವುದಿಲ್ಲ. ಮರಾಠಿ ರಂಗದ ಗಾಯಕ ನಟ ಬಾಲಗಂಧರ್ವರು ಹಾಡಿದರೆ ಜನ ಒನ್ಸ್ ಮೋರ್ ಅಂತ ಕೂಗುತ್ತಿದ್ದರು, ಅವರು ಮತ್ತೆ ಹಾಡುತ್ತಿದ್ದರು. ಕಥೆ ಅಲ್ಲೇ ನಿಂತಿರುತ್ತಿತ್ತು. ಯಾರಿಗೂ ಅವಸರ ಇರಲಿಲ್ಲ. ಹಾಡು ಕಥೆಯನ್ನು ಮುಂದೆ ನೂಕಲೇಬೇಕು ಅನ್ನುವುದು ಒಂದು ಪದ್ಧತಿ, ಅದೊಂದೇ ಪದ್ಧತಿ ಅಲ್ಲ. ಹಾಡು ನಿಂತು ಸುಖ ಕೊಟ್ಟರೂ ಅದು ನಾಟಕವೇ.

'ಮೈ ಫೇರ್ ಲೇಡಿ'ಗೆ ಮೂರನೆಯ ಸ್ಥಾನ ಭಾಳ ಕಡಿಮೆ ಆಯಿತು. ಅದರ ಮೂಲ ಬರ್ನಾರ್ಡ್ ಶಾ ಅವರ 'ಪಿಗ್ಮೇಲಿಯನ್' ನಾಟಕ, ಅದನ್ನೇ ಇಟ್ಟುಕೊಂಡು ನಮ್ಮಲ್ಲಿ ಪು.ಲ. ದೇಶಪಾಂಡೆ 'ತೀ ಫುಲರಾಣಿ' ಬರೆದರು, ಭಕ್ತಿ ಬರ್ವೆ ಅದರಲ್ಲಿ ಹೂ ಮಾರುವ ಹುಡುಗಿ. ಅದು ಗೊತ್ತಿದ್ದವರು 'ಮೈ ಫೇರ್ ಲೇಡಿ' ಕೇಳಿದರೆ ಒಂದು ವಿಷಯ ಕಿವಿಗೆ ಬೀಳುತ್ತದೆ. ಆ ಹುಡುಗಿಗೆ ಮಾತು ಕಲಿಸುವ ಪ್ರೊಫೆಸರ್ ಪಾತ್ರದ ರೆಕ್ಸ್ ಹ್ಯಾರಿಸನ್ ಹಾಡುವುದೇ ಇಲ್ಲ, ತಾಳಕ್ಕೆ ಸರಿಯಾಗಿ ಮಾತಾಡುತ್ತಾರೆ. ಹಾಡಲು ಬಾರದ ನಟ ಅಂತ ಕೆಲವರು ಹೇಳುತ್ತಾರೆ. ನನಗೆ ಅದೇ ಸರಿ ಕಾಣುತ್ತದೆ. ಆ ಪ್ರೊಫೆಸರ್‌ಗೆ ಎಲ್ಲರ ಮಾತು ತಿದ್ದುವುದೇ ಕೆಲಸ, ತನ್ನ ಮನಸ್ಸು ಬಿಚ್ಚಲು ಬರುವುದಿಲ್ಲ. ಕೊನೆಯಲ್ಲಿ ಅವಳ ಮುಖಕ್ಕೆ ಒಗ್ಗಿಹೋಗಿದ್ದೇನೆ ಅನ್ನುವ ಹಾಡಿನಲ್ಲಿ ಅವನ ಮಾತು ಎಳೆದುಕೊಂಡು ಹಾಡಿನ ಹತ್ತಿರ ಬರುತ್ತದೆ. ಅದು ಕಣ್ಣಿಗಲ್ಲ, ಕಿವಿಗೇ ಮಾಡಿದ್ದು.

ನೀರ್ಚಾಲು_ಶುಭಾ:

ಮಾಷ್ಟ್ರೇ, ನಾನು ನಿಮ್ಮ ಊರಿನ ಪಕ್ಕದವಳೇ. 'ಲೆ ಮಿಸೆರಾಬ್ಲ್' ಬಗ್ಗೆ ನೀವು ಹೇಳಿದ್ದನ್ನು ನಾನು ಒಪ್ಪುವುದಿಲ್ಲ.

ಒಂದೇ ಟ್ಯೂನು ತಿರುಗಿ ಬರುತ್ತದೆ, ನಿಜ. ಆದರೆ ಎಲ್ಲಿ ಬರುತ್ತದೆ ನೋಡಿ. ಶುರುವಿನಲ್ಲಿ ಜಾನ್ ವಾಲ್‌ಜಾನ್ ಬಿಷಪ್ಪರ ಮನೆಯಿಂದ ಬೆಳ್ಳಿ ಕದಿಯುತ್ತಾನೆ. ಪೊಲೀಸರು ಹಿಡಿದು ತಂದಾಗ ಬಿಷಪ್ಪರು ಅದು ನಾನೇ ಕೊಟ್ಟದ್ದು ಅನ್ನುತ್ತಾರೆ, ಮೇಲಿಂದ ಬೆಳ್ಳಿಯ ಕ್ಯಾಂಡಲ್ ಸ್ಟ್ಯಾಂಡೂ ಕೊಡುತ್ತಾರೆ. ಅದನ್ನು ತಾಳಲಾರದೆ ಅವನು ಒಂದು ಹಾಡು ಹೇಳುತ್ತಾನೆ, ನಾನು ಎಂಥ ಮಾಡಿಬಿಟ್ಟೆ ಅಂತ. ಆ ಸಂಗೀತ ಮತ್ತೆ ಬರುವುದು ನಾಟಕದ ಕೊನೆ ಕೊನೆಗೆ, ಅವನ ಬೆನ್ನು ಹತ್ತಿದ ಪೊಲೀಸ್ ಅಧಿಕಾರಿ ಜಾವೇರ್ ನದಿಗೆ ಹಾರುವ ಮೊದಲು. ಇವನೂ ಶತ್ರುವಿನಿಂದ ದಯೆ ಪಡೆದಿದ್ದಾನೆ. ಇಬ್ಬರಿಗೂ ಬಂದದ್ದು ಒಂದೇ ಪರೀಕ್ಷೆ, ಹಾಗಾಗಿ ಒಂದೇ ಸಂಗೀತ. ಒಬ್ಬನು ದಯೆಯನ್ನು ತೆಗೆದುಕೊಂಡು ಬದುಕಿದ, ಇನ್ನೊಬ್ಬನಿಗೆ ಅದು ಆಗಲಿಲ್ಲ. ಮಾತಿನಲ್ಲಿ ಎಲ್ಲೂ ಇದನ್ನು ಹೇಳುವುದಿಲ್ಲ, ಟ್ಯೂನೇ ಹೇಳುತ್ತದೆ. ಹಾಗೆಯೇ ಫಾಂಟೀನ್ ಸಾಯುವಾಗಿನ ಮಟ್ಟು ಆಮೇಲೆ ಎಪೋನಿನ್ ಒಬ್ಬಳೇ ಹಾಡುವಾಗ ಬರುತ್ತದೆ. ಇಬ್ಬರದ್ದೂ ಕೈಗೆ ಸಿಗದ ಪ್ರೀತಿ. ಸುಮ್ನೆ ಹಾಕಿದ್ದಲ್ಲ ಅದು.

ಇನ್ನು ನೀವು 1964ರ 'ಫಿಡ್ಲರ್ ಆನ್ ದಿ ರೂಫ್' ಹೆಸರೇ ಎತ್ತಲಿಲ್ಲ. ಕೇಳಿಲ್ಲವಾದರೆ ಎಲ್ಲ ಬಿಟ್ಟು ಅದನ್ನು ಕೇಳಿ. ಹಾಲು ಮಾರುವ ಬಡವ ತೆವ್ಯೆ, ಮಕ್ಕಳೆಲ್ಲ ಪ್ರೀತಿಸಿ ಮದುವೆ ಆಗಲು ಹೊರಟದ್ದು ನೋಡಿ ಒಂದು ದಿನ ಹೆಂಡತಿಯ ಹತ್ತಿರ ಕೇಳುತ್ತಾನೆ, ನಿನಗೆ ನನ್ನ ಮೇಲೆ ಪ್ರೀತಿ ಉಂಟಾ ಅಂತ. ಮದುವೆಯಾಗಿ 25 ವರ್ಷ ಆಗಿದೆ. ಅವಳಿಗೆ ಸಿಟ್ಟೇ ಬರುತ್ತದೆ. ಬಟ್ಟೆ ಒಗೆದೆ, ಅಡಿಗೆ ಮಾಡಿದೆ, ದನ ಕರೆದೆ, ಮಕ್ಕಳನ್ನು ಹೆತ್ತೆ, ಈಗ ಇದೆಂಥ ಪ್ರಶ್ನೆ ಅನ್ನುತ್ತಾಳೆ. ಅಮ್ಮ ಅಡಿಕೆ ಸುಲಿಯುತ್ತಾ ಕೂತಿದ್ದಾಗ ನಾನು ಒಂದೊಂದು ಸಾಲಿಗೆ ಅರ್ಥ ಹೇಳುತ್ತಾ ಈ ಹಾಡು ಹಾಕಿದೆ. ಅಮ್ಮ ಕೈ ನಿಲ್ಲಿಸಲಿಲ್ಲ, ಆದರೆ ಇನ್ನೊಮ್ಮೆ ಹಾಕು ಅಂದರು. ನಿಮ್ಮ ಅಳತೆಗೋಲಿಗೂ ಅದು ಸರಿ ಹೊಂದುತ್ತದೆ. ಹಾಡಿನ ಶುರುವಿನಲ್ಲಿ ಅವಳು ಉತ್ತರ ಕೊಡುವುದಿಲ್ಲ, ಕೊನೆಗೆ ಕೊಡುತ್ತಾಳೆ.

ಹೊಸೂರು_ಹೆಡ್‌ಫೋನ್:

ಸರ್, ನಾನು ಹೊಸೂರಿನವನು, ದಿನಾ ಬೆಂಗಳೂರಿಗೆ ಬಸ್ಸಲ್ಲಿ ಓಡಾಡೋ ಕೆಲಸ, ಹಾಗಾಗಿ ಕೇಳೋಕೆ ಟೈಮ್ ಸಿಗುತ್ತೆ. ನಾನು ಕಥೆ ಓದುವುದಿಲ್ಲ. ಮೊದಲ ಸಲ ನೇರ ಕೇಳ್ತೀನಿ, ಎರಡನೇ ಸಲ ಸಾಹಿತ್ಯ ತೆರೆದಿಟ್ಟು ಕೇಳ್ತೀನಿ. ಮೊದಲೇ ಓದಿದರೆ ಕಿವಿ ಸೋಮಾರಿ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಮುಂದೆ ಏನು ಕೇಳಬೇಕು ಅಂತ ಕೇಳಿದಿರಲ್ಲ. ವರ್ಷದ ಪ್ರಕಾರ ಹೋಗಬೇಡಿ, ಗುರು ಶಿಷ್ಯರ ಸಾಲು ಹಿಡಿದು ಹೋಗಿ. ನಿಮಗೆ ಇಷ್ಟವಾದ ಹ್ಯಾಮರ್‌ಸ್ಟೈನ್ ಅವರೇ ಸ್ಟೀಫನ್ ಸೋಂಡ್‌ಹೈಮ್‌ಗೆ ಹುಡುಗನಾಗಿದ್ದಾಗಿಂದ ನಾಟಕ ಬರೆಯುವುದನ್ನು ಹೇಳಿಕೊಟ್ಟವರು. 'ವೆಸ್ಟ್ ಸೈಡ್ ಸ್ಟೋರಿ'ಯ ಸಾಹಿತ್ಯ ಸೋಂಡ್‌ಹೈಮ್ ಅವರದ್ದು, ಸಂಗೀತ ಲೆನರ್ಡ್ ಬರ್ನ್‌ಸ್ಟೈನ್. ಅದೇ ನಾಟಕ 2009ರಲ್ಲಿ ಮತ್ತೆ ಬ್ರಾಡ್‌ವೇಗೆ ಬಂದಾಗ ಸ್ಪ್ಯಾನಿಷ್ ಸಾಲುಗಳನ್ನು ಬರೆದುಕೊಟ್ಟವರು ಲಿನ್ ಮ್ಯಾನುಯೆಲ್ ಮಿರಾಂಡಾ. ಅವರದ್ದೇ 2015ರ 'ಹ್ಯಾಮಿಲ್ಟನ್'. 1943ರಿಂದ ಅಲ್ಲಿಯವರೆಗೆ ಒಂದೇ ದಾರಿ.

'ಹ್ಯಾಮಿಲ್ಟನ್' ನಿಮ್ಮಂಥ ಕೇಳುಗರಿಗೆ ಹೇಳಿ ಮಾಡಿಸಿದ್ದು. ಮಾತು ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಎಲ್ಲಾ ಹಾಡು ಇಲ್ಲವೇ ರ‍್ಯಾಪು, ಆಲ್ಬಮ್ಮಲ್ಲಿ 46 ಹಾಡು, ಒಂದು ಸಣ್ಣ ದೃಶ್ಯ ಬಿಟ್ಟರೆ ಇಡೀ ನಾಟಕ ಅದರಲ್ಲೇ ಇದೆ. ಅದರಲ್ಲಿ ತಂಗಿ ಎಲೈಜಾ ತನ್ನ ಪ್ರೀತಿ, ಮದುವೆ ಎಲ್ಲ ಖುಷಿಯಾಗಿ ಹಾಡಿ ಮುಗಿಸ್ತಾಳೆ. ಮುಂದಿನ ಹಾಡಲ್ಲಿ ಅಕ್ಕ ಆಂಜೆಲಿಕಾ ಮದುವೆ ಊಟದಲ್ಲಿ ಹಾರೈಸಲು ಎದ್ದು ನಿಲ್ಲುತ್ತಾಳೆ, ತಕ್ಷಣ ಸಂಗೀತ ಟೇಪು ಹಿಂದಕ್ಕೆ ಓಡಿಸಿದ ಹಾಗೆ ಹಿಂದೆ ಹೋಗಿ ಅದೇ ರಾತ್ರಿ ಮತ್ತೆ ಶುರುವಾಗುತ್ತೆ. ಈ ಸಲ ಅವಳ ಮನಸ್ಸಿಂದ. ಅವಳಿಗೂ ತಂಗಿಯ ಗಂಡ ಹ್ಯಾಮಿಲ್ಟನ್ನೇ ಬೇಕಿತ್ತು ಅಂತ ಆಗ ಗೊತ್ತಾಗುತ್ತೆ. ಕಣ್ಣು ಮುಚ್ಚಿದ್ದರೂ ಏನೂ ತಪ್ಪುವುದಿಲ್ಲ.

ಆದರೆ ಬರೀ ಕೇಳಿದರೆ ಸಾಕು ಅನ್ನೋದು ಎಲ್ಲಾ ಕಡೆ ನಡೆಯುವುದಿಲ್ಲ ಸರ್. 1979ರ 'ಸ್ವೀನಿ ಟಾಡ್' ತೆಗೆದುಕೊಳ್ಳಿ, ಸೋಂಡ್‌ಹೈಮ್ ಅವರದ್ದೇ. ಫ್ಯಾಕ್ಟರಿ ಸಿಳ್ಳೆಯೊಂದು ಕಿವಿ ಸೀಳುವ ಹಾಗೆ ಬರುತ್ತೆ, ಅಷ್ಟರಲ್ಲೇ ಲಂಡನ್ ಕಣ್ಣಿಗೆ ಕಟ್ಟುತ್ತೆ. ಅಲ್ಲಿಯವರೆಗೆ ನೀವು ಹೇಳಿದ್ದೇ ಸರಿ. ಎರಡನೇ ಅಂಕದಲ್ಲಿ ಕಥಾನಾಯಕ ಸ್ವೀನಿ ಟಾಡ್ ಅನ್ನೋ ಕ್ಷೌರಿಕ ಕಳೆದುಹೋದ ಮಗಳನ್ನು ನೆನೆದು ಹಾಡ್ತಾನೆ, ಎಷ್ಟು ಮೃದುವಾದ ರಾಗ ಅಂದರೆ ಜೋಗುಳ ಅನ್ನಬಹುದು. ಸ್ಟೇಜಲ್ಲಿ ಆಗ ಅವನು ಹಾಡುತ್ತಾ ಹಾಡುತ್ತಾ ಕುರ್ಚಿಗೆ ಬಂದವರ ಕತ್ತು ಕೊಯ್ಯುತ್ತಿರುತ್ತಾನೆ. ಕಾಣುವುದೂ ಕೇಳುವುದೂ ಒಂದಕ್ಕೊಂದು ವಿರುದ್ಧ ಇರೋದೇ ಅದರ ಹೆಚ್ಚುಗಾರಿಕೆ. ಕಿವಿಗೆ ಅರ್ಧ ಮಾತ್ರ ಸಿಗುತ್ತೆ.

ಬದಿಯಡ್ಕ_ಮಾಷ್ಟ್ರು:

ಎಲ್ಲರಿಗೂ ಧನ್ಯವಾದ. ಇಷ್ಟು ಉತ್ತರ ಬಂದದ್ದು ತುಂಬಾ ಖುಷಿ.

ಶುಭಾ ಅವರೇ, ನಿನ್ನೆ ರಾತ್ರಿ ನೀವು ಹೇಳಿದ ಎರಡು ಹಾಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ನಿಮ್ಮ ಮಾತು ಸರಿ ಉಂಟು, ಜಾವೇರ್ ಹಾಡು ಹಾಗೆ ಕೇಳಿದರೆ ಮೈ ಜುಂ ಅನ್ನುತ್ತದೆ. ಆದರೆ 'ಫ್ಯಾಂಟಮ್' ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಬ್ರಾಡ್‌ವೇಯಲ್ಲಿ 1988ರಿಂದ 2023ರವರೆಗೆ 13,981 ಪ್ರದರ್ಶನ ಕಂಡ ನಾಟಕ, ಜನಕ್ಕೆ ಅದು ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ದೀಪದ ಗೊಂಚಲು ಮೇಲಿಂದ ಬೀಳುವುದು, ದೋಣಿ, ಮೇಣದ ಬತ್ತಿ, ಅದೆಲ್ಲ ನೋಡುವವರಿಗೆ. ಕಿವಿಗೆ ಉಳಿಯುವುದು ಮೂರು ನಾಲ್ಕು ಮಟ್ಟು.

ಸೊಲ್ಲಾಪುರದವರೇ, ನಿಂತು ಸುಖ ಕೊಡುವ ಹಾಡಿನ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ. ಅಂಥ ಹಾಡಿಗೆ ಬಾಲಗಂಧರ್ವರಂಥ ಗಂಟಲು ಬೇಕು. ಕಥೆ ಹೊತ್ತ ಹಾಡು ಸಾಧಾರಣ ದನಿಯಲ್ಲೂ ನಿಲ್ಲುತ್ತದೆ, ರೆಕ್ಸ್ ಹ್ಯಾರಿಸನ್ ಉದಾಹರಣೆ ನೀವೇ ಕೊಟ್ಟಿದ್ದೀರಿ.

ಹೊಸೂರಿನವರ ದಾರಿ ನನಗೆ ಹಿಡಿಸಿತು. 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಐದು ಕಡೆಯವರು ಒಟ್ಟಿಗೆ ಈ ರಾತ್ರಿ, ಈ ರಾತ್ರಿ ಅಂತ ಹಾಡುತ್ತಾರಲ್ಲ, ಎರಡು ಗುಂಪಿಗೆ ಅದು ಹೊಡೆದಾಟದ ರಾತ್ರಿ, ಪ್ರೇಮಿಗಳಿಗೆ ಭೇಟಿಯ ರಾತ್ರಿ, ಅನಿತಾಳಿಗೆ ಬರ್ನಾರ್ಡೋ ಬರುವ ರಾತ್ರಿ, ಅದನ್ನು ಹೆಡ್‌ಫೋನಿನಲ್ಲಿ ಒಂದೊಂದು ದನಿ ಹಿಡಿದುಕೊಂಡು ಕೇಳುವುದು ನನಗೆ ತುಂಬಾ ಇಷ್ಟ. ಅದನ್ನು ಬರೆದವರು ಮುಂದೆ ಒಬ್ಬರೇ ಏನು ಮಾಡಿದರು ಅಂತ ಕೇಳಲೇಬೇಕು. 'ಸ್ವೀನಿ ಟಾಡ್' ರೆಕಾರ್ಡುಗಳು ಹಲವು ಕಾಣುತ್ತವೆ, ಯಾವುದು ಹಾಕಲಿ?

ಹೊಸೂರು_ಹೆಡ್‌ಫೋನ್:

1979ರದ್ದೇ ಹಾಕಿ ಸರ್, ಲೆನ್ ಕ್ಯಾರಿಯೂ ಮತ್ತು ಆಂಜೆಲಾ ಲ್ಯಾನ್ಸ್‌ಬರಿ ಹಾಡಿದ್ದು. 2005ರದ್ದನ್ನು ಆಮೇಲೆ ಕೇಳಿ, ಅದರಲ್ಲಿ ಬೇರೆ ವಾದ್ಯಗೋಷ್ಠಿ ಇಲ್ಲ, ಹಾಡುವ ನಟರೇ ವಾದ್ಯವನ್ನೂ ನುಡಿಸ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳೋದಾದರೆ ಶುರುವಿನಲ್ಲಿ ಸೌಂಡು ಕಮ್ಮಿ ಇಟ್ಟುಕೊಳ್ಳಿ, ಆ ಸಿಳ್ಳೆ ಹೇಳದೆ ಬರುತ್ತೆ.