ಪದಚರ್ಚೆ: ಅಳತೆಯ ‘ದೋಷ’, ‘ಅನಿಶ್ಚಿತತೆ’ ಮತ್ತು ‘ಸಾರ್ಥಕ ಅಂಕಿ’

ಪದವಿಪೂರ್ವ ತರಗತಿಯ ಭೌತಶಾಸ್ತ್ರ ಪ್ರಯೋಗಗಳಿಗೆ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿರುವಾಗ ಎದ್ದಿರುವ ಎರಡು ಸಂದೇಹಗಳನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಮೊದಲನೆಯದು ‘ದೋಷ’ ಎಂಬ ಪದವನ್ನು ಕುರಿತದ್ದು. ಎರರ್ ಮತ್ತು ಅನ್‌ಸರ್ಟನ್ಟಿ ಎಂಬ ಎರಡು ಬೇರೆ ಪರಿಕಲ್ಪನೆಗಳಿಗೂ ನಾವು ಎಷ್ಟೋ ಸಲ ಇದೊಂದೇ ಪದವನ್ನು ಬಳಸಿಬಿಡುತ್ತೇವೆ. ತಂತಿಯಂಥ ತೆಳುವಸ್ತುಗಳ ದಪ್ಪ ಅಳೆಯುವ ಸ್ಕ್ರೂ ಗೇಜಿನ ದವಡೆಗಳನ್ನು ನಡುವೆ ಏನೂ ಇಲ್ಲದೆ ಪೂರ್ತಿ ಮುಚ್ಚಿದಾಗಲೂ ಅದು 0.03 ಮಿ.ಮೀ. ತೋರಿಸಿದರೆ ಅದು ಶೂನ್ಯ ದೋಷ (ಜೀರೋ ಎರರ್), ಅಂದರೆ ಸೊನ್ನೆ ಇರಬೇಕಾದಲ್ಲಿ ಕಾಣುವ ದೋಷ. ಅದರ ಪ್ರಮಾಣವೂ ದಿಕ್ಕೂ ಗೊತ್ತಿರುವುದರಿಂದ ಓದಿಕೆಯಿಂದ ಅದನ್ನು ಕಳೆದುಬಿಡಬಹುದು. ಹಾಗೆ ಕಳೆದ ಮೇಲೂ, ನಿಜವಾದ ಬೆಲೆ ಯಾವ ವ್ಯಾಪ್ತಿಯೊಳಗೆ ಇರಬಹುದು ಎಂಬ ಪ್ರಶ್ನೆ ಉಳಿಯುತ್ತದೆಯಲ್ಲ, ಆ ವ್ಯಾಪ್ತಿಯೇ ಅನಿಶ್ಚಿತತೆ. ಅಳತೆಯ ಅನಿಶ್ಚಿತತೆಯನ್ನು ಹೇಗೆ ಬರೆಯಬೇಕೆಂದು ತಿಳಿಸುವ, 1993ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗದರ್ಶಿಯೂ ಇವೆರಡನ್ನು ಬೇರೆಬೇರೆಯಾಗಿಯೇ ಕಾಣುತ್ತದೆ.

ಸರಳ ಲೋಲಕದ ಪ್ರಯೋಗವನ್ನೇ ನೋಡೋಣ. ಉದ್ದ 100.0 ಸೆಂ.ಮೀ., 20 ಆಂದೋಲನಗಳಿಗೆ ಹಿಡಿದ ಕಾಲ 40.2 ಸೆಕೆಂಡು ಎಂದಿರಲಿ. ಆಗ ಆವರ್ತಕಾಲ 2.010 ಸೆಕೆಂಡು ಆಗುತ್ತದೆ, g = 4π²L/T² (L ಉದ್ದ, T ಆವರ್ತಕಾಲ) ಎಂಬ ಸೂತ್ರದಿಂದ ಗುರುತ್ವ ವೇಗೋತ್ಕರ್ಷಕ್ಕೆ ಕ್ಯಾಲ್ಕುಲೇಟರ್ 9.7716437 ಎಂದು ತೋರಿಸುತ್ತದೆ. ಉದ್ದದಲ್ಲಿ 0.1 ಸೆಂ.ಮೀ., ಗಡಿಯಾರ ಒತ್ತುವ ಕೈಯ ತಡವರಿಕೆಯಿಂದ ಕಾಲದಲ್ಲಿ 0.2 ಸೆಕೆಂಡು ಅನಿಶ್ಚಿತತೆ ಇದೆಯೆಂದು ಒಪ್ಪಿದರೆ, ಮೊದಲನೆಯದರ ಪಾಲು ಶೇ. 0.1, ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ ಎರಡನೆಯದರ ಶೇ. 0.5 ಇಮ್ಮಡಿಯಾಗಿ ಸುಮಾರು ಶೇ. 1 ಆಗುತ್ತದೆ. ಇವೆರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೂ ಶೇ. 1ರ ಆಸುಪಾಸಿನಲ್ಲೇ ಉಳಿಯುತ್ತದೆ. ಆದ್ದರಿಂದ ಫಲಿತಾಂಶವನ್ನು 9.8 ± 0.1 ಮೀ/ಸೆ² ಎಂದು ಬರೆಯಬೇಕು. ಈ 0.1ನ್ನು ‘ದೋಷ’ ಎಂಬ ತಲೆಬರಹದ ಕೆಳಗೆ ಬರೆಸಿದರೆ, ಶ್ರದ್ಧೆಯಿಂದ ಅಳೆದ ವಿದ್ಯಾರ್ಥಿಗೆ ತಾನು ತಪ್ಪು ಮಾಡಿದೆನೆಂಬ ಭಾವನೆ ಬರುತ್ತದೆ, ಅದನ್ನು ಚಿಕ್ಕದಾಗಿಸಿ ತೋರಿಸುವ ಮನಸ್ಸಾಗುತ್ತದೆ. ಹೀಗಾಗಬಾರದೆಂಬ ಕಾಳಜಿಯೇ ಈ ಪ್ರಶ್ನೆಗೆ ಕಾರಣ. ‘ಅನಿಶ್ಚಿತತೆ’ ಎಂದರೆ ಹೈಸೆನ್‌ಬರ್ಗ್ 1927ರಲ್ಲಿ ಮಂಡಿಸಿದ, ಕ್ವಾಂಟಮ್ ಭೌತಶಾಸ್ತ್ರದ ಅನಿಶ್ಚಿತತಾ ತತ್ತ್ವದೊಡನೆ ಗೊಂದಲವಾದೀತು ಎಂಬ ಆಕ್ಷೇಪಣೆ ಇರಬಹುದು. ‘ಅಳತೆಯ ಅನಿಶ್ಚಿತತೆ’ ಎಂದು ಸೇರಿಸಿ ಬರೆದರೆ ಅದು ಬಗೆಹರಿಯುತ್ತದೆಂದು ನನ್ನ ಎಣಿಕೆ.

ಎರಡನೆಯ ಸಂದೇಹ ‘ಸಾರ್ಥಕ ಅಂಕಿ’ಯದು (ಸಿಗ್ನಿಫಿಕೆಂಟ್ ಫಿಗರ್), ಅಂದರೆ ಅಳತೆಯ ನಿಖರತೆಯನ್ನು ತಿಳಿಸುವ ಅಂಕಿಗಳದು. ಅರ್ಥಸಹಿತವಾದದ್ದು ಎಂಬ ಮೂಲಾರ್ಥದಲ್ಲಿ ಪದವೇನೋ ಸರಿಯಾಗಿಯೇ ಇದೆ. ಆದರೆ ಆಡುಮಾತಿನ ‘ಸಾರ್ಥಕ’ ಧನ್ಯತೆಯ ಕಡೆಗೆ ವಾಲಿದೆ, ಅದರ ವಿರುದ್ಧಪದವಾದ ‘ನಿರರ್ಥಕ’ ಇನ್ನೂ ದೊಡ್ಡ ತೊಡಕು. 0.0250 ಮೀಟರ್ ಎಂಬಲ್ಲಿ ಸಾರ್ಥಕ ಅಂಕಿಗಳು ಮೂರು: 2, 5 ಮತ್ತು ಕೊನೆಯ ಸೊನ್ನೆ. ಎಡಬದಿಯ ಸೊನ್ನೆಗಳು ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ನಿಜ, ಆದರೆ ಅವು ನಿರರ್ಥಕವಲ್ಲ. ದಶಾಂಶ ಸ್ಥಾನವನ್ನು ತೋರಿಸುವುದು ಅವೇ. ಇತ್ತ 1500 ಎಂದಷ್ಟೇ ಬರೆದರೆ ಕೊನೆಯ ಎರಡು ಸೊನ್ನೆಗಳು ಅಳೆದು ಬಂದವೋ ಸ್ಥಾನ ತುಂಬಲು ಬಂದವೋ ತಿಳಿಯದು, 1.50 × 10³ ಎಂದರೆ ಮೂರು ಅಂಕಿ ಎಂಬುದು ಖಚಿತ. ‘ಗಣನೀಯ ಅಂಕಿ’ ಎನ್ನೋಣವೆಂದರೆ ಆ ಪದ ಈಗ ‘ಸಾಕಷ್ಟು ದೊಡ್ಡ’ ಎಂಬ ಅರ್ಥಕ್ಕೆ ಜಾರಿದೆ. ‘ಎಣಿಕೆಗೆ ಬರುವ ಅಂಕಿ’, ‘ಎಣಿಕೆಗೆ ಬಾರದ ಸೊನ್ನೆ’ ಎಂದರೆ ವಿದ್ಯಾರ್ಥಿಗೆ ಕೂಡಲೇ ತಿಳಿಯುತ್ತದೆ, ಆದರೆ ಪರಿಭಾಷೆಯಾಗಲು ಅದು ಉದ್ದವಾಯಿತು.

‘ಸಾರ್ಥಕ ಅಂಕಿ’ಯನ್ನೇ ಉಳಿಸಿಕೊಂಡು ಪದ ಮೊದಲ ಸಲ ಬಂದಲ್ಲಿ ಮಾತ್ರ ‘ಎಣಿಕೆಗೆ ಬರುವ’ ಎಂಬ ವಿವರಣೆ ಕೊಡುವುದು, ಓದಿಕೆಯಿಂದ ಕಳೆಯಬಹುದಾದದ್ದಕ್ಕೆ ಮಾತ್ರ ‘ದೋಷ’ವನ್ನು ಮೀಸಲಿಡುವುದು ಎಂದು ಸದ್ಯಕ್ಕೆ ಯೋಚಿಸಿದ್ದೇನೆ. ಪ್ರಯೋಗಾಲಯದಲ್ಲಿ ಕನ್ನಡದಲ್ಲೇ ಪಾಠ ಹೇಳಿ ಅನುಭವವಿರುವವರು ಇದಕ್ಕಿಂತ ಚಿಕ್ಕದಾದ, ಬಳಕೆಯಲ್ಲಿ ನಿಂತ ಪದಗಳನ್ನು ಬಲ್ಲರೇ?