ಅವ್ವ ದಿನಾ ಸಂಜೆ 'ಮನೆಗೆ ಹೋಗತೀನಿ' ಅಂತಾಳೆ, ಆ ಮನೆ ಹಿನ್ನೀರಿನಲ್ಲಿದೆ. ಏನು ಹೇಳಬೇಕು?

ನವನಗರದವ:
ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆ ನವನಗರದಲ್ಲಿದ್ದೇವೆ. ಅವ್ವನಿಗೆ ಎಪ್ಪತ್ತೈದು ದಾಟಿದೆ, ಹೋದ ವರ್ಷ ಡಾಕ್ಟರು ಅಲ್ಝೈಮರ್ (ಮರೆವಿನ ಕಾಯಿಲೆ) ಅಂದರು. ಬೆಳಿಗ್ಗೆ ಚೆನ್ನಾಗೇ ಇರುತ್ತಾಳೆ. ದೀಪ ಹಚ್ಚೋ ಹೊತ್ತಾದರೆ ಸಾಕು, ಎರಡು ಸೀರೆ, ಕುಂಕುಮದ ಡಬ್ಬಿ ಗಂಟು ಕಟ್ಟಿಕೊಂಡು ಗೇಟಿನ ಹತ್ತಿರ ನಿಂತುಬಿಡುತ್ತಾಳೆ. ಮಗ್ಗದ ಮೇಲೆ ಖಣ (ಕುಪ್ಪಸದ ಬಟ್ಟೆ) ಅರ್ಧಕ್ಕೇ ಬಿಟ್ಟು ಬಂದಿದ್ದಾಳಂತೆ, ಮನೆಗೆ ಹೋಗಬೇಕಂತೆ. ಆ ಮನೆ ಹಳೇ ಬಾಗಲಕೋಟೆಯಲ್ಲಿತ್ತು, ಆಲಮಟ್ಟಿ ಹಿನ್ನೀರಿಗೆ ಹೋಗಿ ಎಷ್ಟೋ ವರ್ಷವಾಯ್ತು. 'ಅದು ಮುಳುಗೇತವ್ವಾ' ಅಂದರೆ ಈಗಷ್ಟೇ ಸುದ್ದಿ ಕೇಳಿದ ಹಾಗೆ ಅಳುತ್ತಾಳೆ. ಮರುದಿನ ಮತ್ತೆ ಅದೇ. ಇಲ್ಲಿ ಸೆಕ್ಟರ್ ರಸ್ತೆಗಳೆಲ್ಲ ಒಂದೇ ಥರ, ಹೊರಗೆ ಹೋದರೆ ಹುಡುಕೋದು ಕಷ್ಟ. ಪುಣೆಯಲ್ಲಿರೋ ಅಣ್ಣ 'ಗೇಟಿಗೆ ಬೀಗ ಹಾಕು, ನಿದ್ದೆ ಗುಳಿಗೆ ಕೊಡಿಸು' ಅಂತಾನೆ. ಎಲ್ಲಾ ನೋಡಿಕೊಳ್ಳೋದು ನನ್ನ ಹೆಂಡತಿ.

ವಿಜಯಪುರ ಸಿಸ್ಟರ್:
ನಾನು ನರ್ಸ್ ಆಗಿದ್ದು ರಿಟೈರ್ ಆದವಳು. ಮೊದಲು ಒಂದು ಕೇಳುತ್ತೇನೆ: ಬಿ12, ಥೈರಾಯ್ಡ್ ಪರೀಕ್ಷೆ ಆಗಿದೆಯಾ? ಅವು ಕಮ್ಮಿಯಿದ್ದರೂ ಮರೆವು ಜಾಸ್ತಿಯಾಗುತ್ತದೆ, ಅದಕ್ಕೆ ಔಷಧಿ ಇದೆ. ಇನ್ನು ಒಂದೆರಡು ದಿನದಲ್ಲೇ ದಿಢೀರ್ ಅಂತ ಗೊಂದಲ ಏರಿದರೆ 'ವಯಸ್ಸಾಯ್ತು' ಅಂತ ಸುಮ್ನೆ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಮ್ಮಿ ಕುಡಿದದ್ದು, ಹೊಸ ಗುಳಿಗೆ, ಏನಾದರೂ ಇರಬಹುದು. ಅದೇ ದಿನ ತೋರಿಸಿ. ನಿದ್ದೆ ಗುಳಿಗೆ ಮಾತ್ರ ಡಾಕ್ಟರು ಹೇಳದೆ ಬೇಡವೇ ಬೇಡ, ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ.

ಸಂಜೆ ಹೊತ್ತಿಗೆ ಚಡಪಡಿಕೆ ಏರೋದು ಈ ಕಾಯಿಲೆಯಲ್ಲಿ ಬಹಳ ಜನರಿಗೆ ಇದೆ. ಕತ್ತಲಾಗುವ ಮೊದಲೇ ಲೈಟ್ ಹಾಕಿ, ಚಹಾ ಕೊಡಿ. ಮುಳುಗಿದ ಸುದ್ದಿ ದಿನಾ ಹೇಳಬೇಡಿ. ಯಾವ ಬಣ್ಣದ ಖಣ, ಯಾರಿಗೆ ನೇಯುತ್ತಿದ್ದೆ ಅಂತ ಕೇಳಿ. ಆಕೆಗೆ ಬೇಕಾದದ್ದು ಗೋಡೆ ಬಾಗಿಲಲ್ಲ, ತನಗೆ ಕೆಲಸವಿದ್ದ ಜಾಗ ಅಂತ ನನಗನಿಸುತ್ತದೆ. ಅಕ್ಕಪಕ್ಕದವರಿಗೆ, ಕಿರಾಣಿ ಅಂಗಡಿಯವನಿಗೆ ಹೇಳಿಡಿ. ಫೋನ್ ನಂಬರ್ ಬರೆದ ಚೀಟಿ ಕುಪ್ಪಸಕ್ಕೆ ಹೊಲಿಯಿರಿ. ಇದು ಮುಚ್ಚಿಡೋ ರೋಗವಲ್ಲ. 2023ರಲ್ಲಿ ಬಂದ ದೊಡ್ಡ ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ, ಅಂದರೆ ಅಲ್ಝೈಮರ್ ಥರದ ಮರೆವಿನ ಕಾಯಿಲೆ ಇದೆ.

ಗೋಕಾಕದ ಅಳಿಯ:
ಸಿಸ್ಟರ್ ಹೇಳಿದ್ದು ಸರಿ, ಆದರೆ 'ನಾಳೆ ಕರೆದುಕೊಂಡು ಹೋಗುತ್ತೇವೆ' ಅಂತ ಸುಳ್ಳು ಮಾತ್ರ ಬೇಡ ಸರ್. ನಮ್ಮ ಅತ್ತೆಯವರಿಗೆ ಮಾತು ಮರೆಯುತ್ತಿತ್ತು, ಮೋಸ ಮಾಡಿದರು ಅನ್ನೋ ಸಿಟ್ಟು ಉಳಿಯುತ್ತಿತ್ತು. ಅವರ ಕೈಗೆ ಮೊರ ಕೊಟ್ಟು ಜೋಳ ಹಸನು ಮಾಡಲು ಕೂರಿಸಿದೆವು. ನಮ್ಮ ಹೆಸರು ನೆನಪಿರಲಿಲ್ಲ, ಆದರೆ ಕೇರುವ ಕೈ ಒಂದು ಸಲವೂ ತಪ್ಪಲಿಲ್ಲ, ಹರಳು ಬೇರೆ ಕಾಳು ಬೇರೆ, ಜೊತೆಗೆ ನನ್ನ ಹೆಂಡತಿ ಬಡಿದ ರೊಟ್ಟಿ ದಪ್ಪ ಅಂತ ಬೈಗುಳ ಬೇರೆ! ನಿಮ್ಮವ್ವನಿಗೆ ನೂಲಿನ ಲಡಿ ಬಿಡಿಸಲು ಕೊಟ್ಟು ನೋಡಿ. ಹಾಗೇ ಬೀಗ, ಗುಳಿಗೆ, ಬ್ಯಾಂಕಿನ ಮಾತು ಆಡುವಾಗ ಬೆಳಗಿನ ಹೊತ್ತು ಅವ್ವನನ್ನೂ ಕೂರಿಸಿಕೊಂಡು ಆಡಿ. ಆಕೆ ಇನ್ನೂ ಹೇಳಬಲ್ಲಳು, ಅಲ್ವಾ?

ಇಳಕಲ್ ಸೊಸೆ:
'ಎಲ್ಲಾ ನೋಡಿಕೊಳ್ಳೋದು ನನ್ನ ಹೆಂಡತಿ' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ ಅಣ್ಣಾ, ಅವರು ರಾತ್ರಿ ಎಷ್ಟು ಸಲ ಏಳುತ್ತಾರೆ, ತವರಿಗೆ ಹೋಗಿ ಎಷ್ಟು ದಿನವಾಯ್ತು, ಬೆನ್ನು ನೋವಿಗೆ ಗುಳಿಗೆ ತಗೊಳ್ಳುತ್ತಾರಾ, ಅದೆಲ್ಲಾ ಯಾರು ಕೇಳಬೇಕು? ಪುಣೆಯ ಅಣ್ಣನವರು ಸಲಹೆ ಬಿಟ್ಟು ಪಾಲು ಕೊಡಲಿ. ಕೆಲಸದಾಕೆಗೆ ಸಂಬಳ ಕೊಡಬಹುದು. ದಿನಾ ಸಂಜೆ ಅದೇ ಹೊತ್ತಿಗೆ ವಿಡಿಯೋ ಕಾಲ್ ಮಾಡಿ ಅವ್ವನ ಜೊತೆ ಮಾತಾಡಬಹುದು. ವಾರಕ್ಕೊಂದು ದಿನ ನೀವೇ ಪೂರ್ತಿ ನೋಡಿಕೊಳ್ಳಿ, ವೈನಿ ಹೊರಗೆ ಹೋಗಲಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೋಡಿಕೊಳ್ಳುವವರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567. ದೊಡ್ಡ ತಪಾಸಣೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ, ನರರೋಗಗಳ ಸರ್ಕಾರಿ ಆಸ್ಪತ್ರೆ) ಇದೆ.

ನವನಗರದವ:
ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ಇಳಕಲ್ ಅಕ್ಕನ ಮಾತಿಗೆ ಬಹಳ ನಕ್ಕಳು, ಭಾನುವಾರ ನನ್ನ ಪಾಳಿ ಅಂತಲೂ ಬರೆದಿಟ್ಟಳು. ಅವಳದೊಂದು ಪ್ರಶ್ನೆ: ಸ್ನಾನಕ್ಕೆ ಕರೆದರೆ ಅವ್ವ ಹೊಡೆಯೋಕೆ ಬರುತ್ತಾಳೆ.

ವಿಜಯಪುರ ಸಿಸ್ಟರ್:
ಶವರ್ ಇದ್ದರೆ ಬಂದ್ ಮಾಡಿ. ತಲೆ ಮೇಲೆ ದಿಢೀರ್ ನೀರು ಬಿದ್ದರೆ ಯಾರಿಗಾದರೂ ಗಾಬರಿ. ಬಕೆಟ್, ತಂಬಿಗೆ, ಕೂರಲು ಮಣೆ ಇಡಿ. ಮೈಮೇಲೆ ಟವೆಲ್ ಇರಲಿ. ಕಾಲಿನಿಂದ ಶುರು ಮಾಡಿ, ತಂಬಿಗೆ ಅವರ ಕೈಗೇ ಕೊಡಿ. ಒಲ್ಲೆ ಅಂದ ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ನಡೆಯುತ್ತದೆ.