‘ಸೆವೆನ್ ಗೋಲ್ಡನ್ ಮೆನ್’ ಪೋಸ್ಟರ್ ತಗೋಬಹುದಾ?

ಕೌಲ್‌ಬಜಾರ್ ಹುಡುಗ, ಬಳ್ಳಾರಿ:
1965ರ ಇಟಾಲಿಯನ್ ಸಿನಿಮಾ, ಮಾರ್ಕೊ ವಿಕಾರಿಯೊ ನಿರ್ದೇಶನ. ನಮ್ಮ ಕಡೆ ಇದರ ಹೆಸರು ಕೇಳಿದವರೇ ಇಲ್ಲ. ಇಟಲಿಯಲ್ಲಿ ಒಬ್ಬನ ಹತ್ತಿರ ದೊಡ್ಡ ಪೋಸ್ಟರ್ ಇದೆ. ಮಡಿಸಿದ ಗೆರೆಗಳಿವೆ, ರೇಟು ಮಾತ್ರ ಕಡಿಮೆ ಇಲ್ಲ. ಯಾಕಿಷ್ಟು ಡಿಮ್ಯಾಂಡು? ನನ್ನ ರೂಮು ತಾರಸಿ ಕೆಳಗೇ ಇದೆ, ಬಳ್ಳಾರಿ ಬೇಸಿಗೆ ಗೊತ್ತಲ್ವಾ.

ಹಳೇ ರೀಲು, ರಾಯಚೂರು:
ಮಡಿಕೆಗೆ ಹೆದರಬೇಡಿ. ಆಗ ಇಟಲಿ ಪೋಸ್ಟರ್‌ಗಳನ್ನು ಮಡಿಸಿಯೇ ಟಾಕೀಸಿಗೆ ಕಳಿಸುತ್ತಿದ್ದರು. ಒಂದು ಗೆರೆಯೂ ಇಲ್ಲದೆ ಗರಿಗರಿ ಇದ್ದರೆ ನನಗೆ ಅನುಮಾನ ಜಾಸ್ತಿ. ದೊಡ್ಡ ಸೈಜು ಸುಮಾರು 100x140 ಸೆಂ.ಮೀ. ಇರಬೇಕು. ಟೇಪ್ ಹಿಡಿದು ತೆಗೆದ ಫೋಟೊ ಕೇಳಿ. ಕೈಗೆ ಬಂದ ಮೇಲೆ ವಾಚ್ ರಿಪೇರಿಯವರ ಕಣ್ಣುಗಾಜು ಇಟ್ಟು ಬಣ್ಣ ನೋಡಿ. ಪ್ರೆಸ್ಸಿನಲ್ಲಿ ಅಚ್ಚಾಗಿದ್ದರೆ ಚುಕ್ಕಿಗಳು ಸಾಲಾಗಿ ಕೂತಿರುತ್ತವೆ. ಈಗಿನ ಇಂಕ್‌ಜೆಟ್ ಪ್ರಿಂಟರಿನ ನಕಲಾದರೆ ಎಲ್ಲೆಂದರಲ್ಲಿ ಚೆಲ್ಲಿರುತ್ತವೆ.

ಡಿಮ್ಯಾಂಡು ಕಥೆಯಿಂದ ಬಂದದ್ದಲ್ಲ. ಜಿನೀವಾದ ಬ್ಯಾಂಕಿನ ಚಿನ್ನ ಹೊಡೆಯುವ ಕಥೆ ಅದು. ಕಳ್ಳರು ಹಾಡಹಗಲೇ ರಸ್ತೆ ರಿಪೇರಿಯವರ ವೇಷದಲ್ಲಿ ಬಂದು ಕೆಳಗಿನಿಂದ ಕೊರೆಯುತ್ತಾರೆ. ಅವರ ನಾಯಕ ‘ಪ್ರೊಫೆಸರ್’ (ನಟ ಫಿಲಿಪ್ ಲೆರುವಾ) ಹೋಟೆಲಿನಲ್ಲಿ ಆರಾಮಾಗಿ ಕೂತು ರೇಡಿಯೋದಲ್ಲಿ ಹೇಳಿಕೊಡುತ್ತಾನೆ. ನಾಯಕಿ ರೊಸ್ಸಾನಾ ಪೊದೆಸ್ತಾ ಒಂದಾದ ಮೇಲೊಂದು ಡ್ರೆಸ್ ಬದಲಿಸುತ್ತಾಳೆ. ಉಳಿದ ಕಳ್ಳರಲ್ಲಿ ಯಾರು ಯಾರೆಂದು ಕೊನೆಗೂ ನೆನಪಿರಲ್ಲ! ಆಮೇಲೆ ಒಬ್ಬರಿಗೊಬ್ಬರು ಟೋಪಿ ಹಾಕುವ ಭಾಗ ಮಜವಾಗಿದೆ. ಆದರೆ ಜನ ಹುಡುಕುವುದು ಅರ್ಮಾಂದೊ ತ್ರೊವಾಯೋಲಿ ಸಂಗೀತವನ್ನು. ಸಾಹಿತ್ಯ ಅಂತಿಲ್ಲ, ಬರೀ ದನಿಗಳೇ ತಾಳದ ಜೊತೆ ಓಡುತ್ತವೆ. ಸಿನಿಮಾನೇ ನೋಡದವರೂ ಆ ಸಂಗೀತದ ಎಲ್‌ಪಿಗೆ (ಗ್ರಾಮಫೋನ್ ತಟ್ಟೆಗೆ) ಬೀಳುತ್ತಾರೆ. ಪೋಸ್ಟರ್ ರೇಟು ಅದರ ಬೆನ್ನು ಹತ್ತಿ ಏರಿದೆ ಅಂತ ನನ್ನ ಲೆಕ್ಕ.

ಗಂಗಾವತಿ ಗ್ರಾಮಫೋನು, ಕೊಪ್ಪಳ ಜಿಲ್ಲೆ:
ಎಲ್‌ಪಿ ತಗೊಂಡರೆ ತಾರಸಿ ರೂಮಿನಲ್ಲಿ ಇಡಲೇಬೇಡಿ, ಸೊಟ್ಟಗಾಗುತ್ತದೆ. ಕೆಳಗಿನ ಮನೆಯಲ್ಲಿ, ಬಿಸಿಲು ಬೀಳದ ಗೋಡೆ ಪಕ್ಕ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ. ಪೋಸ್ಟರ್‌ಗೂ ಸೆಲ್ಲೋಟೇಪ್ ಹಚ್ಚಬೇಡಿ, ಕಾಗದ ಹಳದಿಯಾಗಿ ಅಂಟಿನ ಕಲೆ ಉಳಿಯುತ್ತದೆ.

ಕೌಲ್‌ಬಜಾರ್ ಹುಡುಗ:
ಥ್ಯಾಂಕ್ಸ್. ಟೇಪ್ ಹಿಡಿದ ಫೋಟೊ ಕೇಳಿದ್ದೇನೆ. ಇದೇ ಸಿನಿಮಾದ ‘ಫೋಟೊಬುಸ್ತಾ’ ಅಂತ ಇನ್ನೊಂದು ತೋರಿಸುತ್ತಿದ್ದಾನೆ, ಏನದು?

ಹಳೇ ರೀಲು:
ಟಾಕೀಸಿನ ಹೊರಗೆ ಗಾಜಿನೊಳಗೆ ಹಾಕುತ್ತಿದ್ದ ದೃಶ್ಯದ ಹಾಳೆ, ಸುಮಾರು 50x70 ಸೆಂ.ಮೀ. ಒಂದು ಸಿನಿಮಾಕ್ಕೆ ಹಲವು ಇರುತ್ತವೆ. ಪೊದೆಸ್ತಾ ಇರುವ ಹಾಳೆಯನ್ನೇ ಕೇಳಿ. ಫ್ರೇಮಿಗೂ ಖರ್ಚು ಕಡಿಮೆ.